ಬ್ರೌಸರ್‌ನಲ್ಲಿ ಸರ್ಟಿಫಿಕೇಟ್ ಎರರ್ ಬಂದ್ರೆ ಏನ್ ಮಾಡೋದು: ಮನೆ ವೈಫೈ ಇಟ್ಕೊಂಡವ್ರು ಪದೇ ಪದೇ ಕೇಳೋ ಪ್ರಶ್ನೆಗಳು

ನೆಂಟರಲ್ಲಿ, ಬೀದೀಲಿ "ಇವ್ನಿಗೆ ಕಂಪ್ಯೂಟರ್ ಗೊತ್ತು" ಅಂತ ಒಂದ್ಸಲ ಹೆಸರು ಬಿದ್ರೆ ಮುಗೀತು, ಹಬ್ಬದ ದಿನಾನೂ ಫೋನ್ ಬರುತ್ತೆ. ಪ್ರಿಂಟರ್ ಬಿಟ್ರೆ ಜಾಸ್ತಿ ಬರೋ ಫೋನು ಈ ಸರ್ಟಿಫಿಕೇಟ್ ಎರರ್‌ದೇ. ಅವ್ರು ಕೇಳಿದ ಹಂಗೇ ಪ್ರಶ್ನೆ ಬರ್ದಿದೀನಿ. ಸುಲಭದ್ದು ಮೇಲೆ, ತಲೆ ತಿನ್ನೋದು ಕೆಳಗೆ.

## ಮೊದಲು ಇಷ್ಟು ನೋಡ್ಕೊಳ್ಳಿ

"ಯುವರ್ ಕನೆಕ್ಷನ್ ಈಸ್ ನಾಟ್ ಪ್ರೈವೇಟ್ ಅಂತ ಕೆಂಪಗೆ ಬರ್ತಿದೆ, ನಮ್ ಕಂಪ್ಯೂಟರ್ ಹ್ಯಾಕ್ ಆಗಿದ್ಯಾ?"

ಬಹುತೇಕ ಇಲ್ಲ, ಗಾಬರಿ ಬೇಡ. ನೀವು ಒಂದು ಸೈಟ್ ತೆಗೆದಾಗ ಬ್ರೌಸರು ಆ ಸೈಟಿನ ಹತ್ರ ಗುರುತಿನ ಚೀಟಿ ಕೇಳುತ್ತೆ, ಅದೇ ಸರ್ಟಿಫಿಕೇಟು. ಚೀಟೀಲಿ ಮೂರು ವಿಷ್ಯ ನೋಡುತ್ತೆ: ಹೆಸರು ಸರಿ ಇದ್ಯಾ, ತಾರೀಖು ಚಾಲ್ತೀಲಿದ್ಯಾ, ಸಹಿ ಹಾಕಿದವ್ರು ನಂಗೆ ಗೊತ್ತಿರೋವ್ರಾ. ಮೂರರಲ್ಲಿ ಒಂದು ಕೈಕೊಟ್ರೂ ಬಾಗಿಲು ಹಾಕ್ಬಿಡುತ್ತೆ. ದಪ್ಪ ಅಕ್ಷರದಲ್ಲಿ ಹೆದರಿಸೋ ವಾಕ್ಯ ಹೆಚ್ಚುಕಮ್ಮಿ ಎಲ್ಲಾ ಕೇಸಿಗೂ ಒಂದೇ, ಅದ್ರಿಂದ ಏನೂ ಗೊತ್ತಾಗಲ್ಲ. ಅಸಲಿ ವಿಷ್ಯ ಇರೋದು ಕೆಳಗೆ ಬೂದು ಬಣ್ಣದಲ್ಲಿರೋ ಚಿಕ್ಕ ಅಕ್ಷರದಲ್ಲಿ. ಅಲ್ಲಿ "ಡೇಟ್ ಇನ್‌ವ್ಯಾಲಿಡ್" ಅಂತಿದ್ರೆ ತಾರೀಖಿನ ತಕರಾರು, "ಕಾಮನ್ ನೇಮ್ ಇನ್‌ವ್ಯಾಲಿಡ್" ಅಂತಿದ್ರೆ ಹೆಸರು ಹೊಂದ್ತಿಲ್ಲ, "ಅಥಾರಿಟಿ ಇನ್‌ವ್ಯಾಲಿಡ್" ಅಂತಿದ್ರೆ ಸಹಿ ಹಾಕಿದವ್ರ ಪರಿಚಯ ಇಲ್ಲ. ಫೈರ್‌ಫಾಕ್ಸ್‌ನಲ್ಲಿ ಈ ಕೊನೇದನ್ನ "ಅನ್‌ನೋನ್ ಇಶ್ಯೂಯರ್" ಅಂತಾರೆ. ಯಾರಿಗಾದ್ರೂ ಫೋಟೋ ತೆಗೆದು ಕಳ್ಸೋದಾದ್ರೆ ದಯವಿಟ್ಟು ಆ ಚಿಕ್ಕ ಅಕ್ಷರ ಕಾಣೋ ಹಂಗೆ ತೆಗೀರಿ, ಕೆಂಪು ತ್ರಿಕೋನದ ಫೋಟೋ ಇಟ್ಕೊಂಡು ನಾವೇನ್ ಪೂಜೆ ಮಾಡೋದಾ.

"ಬ್ರೌಸರ್ ತೆಗೆದು ಮತ್ತೆ ಹಾಕ್ದೆ, ಹಿಸ್ಟರಿ ಕ್ಲಿಯರ್ ಮಾಡ್ದೆ, ಏನೂ ಆಗ್ಲಿಲ್ಲ, ಎಲ್ಲಿಂದ ಶುರು ಮಾಡ್ಲಿ?"

ಎತ್ತಿಗೆ ಜ್ವರ ಬಂದ್ರೆ ಎಮ್ಮೆಗೆ ಬರೆ ಹಾಕಿದಂಗಾಯ್ತು. ಮೊದಲು ತಪ್ಪು ಯಾರ ಕಡೆ ಇದೆ ಅಂತ ನೋಡಿ, ಎರಡು ನಿಮಿಷದ ಕೆಲ್ಸ. ಅದೇ ಕಂಪ್ಯೂಟರಲ್ಲಿ ಬೇರೆ ನಾಲ್ಕು ಸೈಟ್ ತೆಗೀರಿ. ಒಂದು ಸೈಟು ಮಾತ್ರ ಕೈಕೊಟ್ರೆ ಹೆಚ್ಚಾಗಿ ತಪ್ಪು ಆ ಸೈಟಿನವ್ರದ್ದು. ಎಲ್ಲಾ ಸೈಟೂ ಕೈಕೊಟ್ರೆ ಅದೇ ವೈಫೈನಲ್ಲಿ ಇನ್ನೊಂದು ಫೋನಲ್ಲಿ ನೋಡಿ, ಅಲ್ಲಿ ಸರಿ ಬಂದ್ರೆ ತಪ್ಪು ನಿಮ್ಮ ಕಂಪ್ಯೂಟರ್‌ದು. ಅಲ್ಲೂ ಬರ್ಲಿಲ್ಲ ಅಂದ್ರೆ ಆ ಫೋನಿನ ವೈಫೈ ಆಫ್ ಮಾಡಿ ಮೊಬೈಲ್ ಡೇಟಾದಲ್ಲಿ ನೋಡಿ, ಆಗ ಬಂದ್ರೆ ತಪ್ಪು ವೈಫೈದು ಅಥವಾ ನೆಟ್ ಕೊಡೋವ್ರದ್ದು. ಈ ಉತ್ತರ ಕೈಲಿ ಇಲ್ದೇ ಮುಂದೆ ಏನೇ ಮಾಡಿದ್ರೂ ಕತ್ತಲಲ್ಲಿ ತಡಕಾಡೋದೇ.

"ಫೋನಲ್ಲಿ ಎಲ್ಲಾ ಬರ್ತಿದೆ, ಕಂಪ್ಯೂಟರಲ್ಲಿ ಯಾವ ಸೈಟೂ ಬರ್ತಿಲ್ಲ, ನಿನ್ನೆ ರಾತ್ರಿವರೆಗೂ ಸರಿ ಇತ್ತು"

ಕಂಪ್ಯೂಟರಿನ ಮೂಲೇಲಿರೋ ತಾರೀಖು ನೋಡಿ. ನಂಗೆ ಬರೋ ಫೋನುಗಳಲ್ಲಿ ಅರ್ಧಕ್ಕರ್ಧ ಇಲ್ಲೇ ಮುಗಿಯುತ್ತೆ.

ಹೋದ ಮಳೆಗಾಲದಲ್ಲಿ ತೀರ್ಥಹಳ್ಳಿ ಕಡೆ ಇರೋ ನಮ್ಮ ಮಾವ ಫೋನ್ ಮಾಡಿದ್ರು, ಯಾವುದೋ ವೈರಸ್ ಬಂದಿದೆ ಮಾರಾಯಾ ಪಹಣಿ ತೆಗೆಯೋಕಾಗ್ತಿಲ್ಲ, ಬ್ಯಾಂಕೂ ಬರ್ತಿಲ್ಲ ಅಂತ. ವಿಡಿಯೋ ಕಾಲ್ ಮಾಡಿ ಸ್ಕ್ರೀನ್ ತೋರ್ಸಿ ಅಂದ್ರೆ ಮೂಲೇಲಿ 1 ಜನವರಿ 2012 ಅಂತ ಕೂತಿದೆ. ಅವ್ರ ಮನೇಲಿ ಮೂರು ದಿನ ಕರೆಂಟ್ ಇರ್ಲಿಲ್ಲ. ಕಂಪ್ಯೂಟರ್ ಆಫ್ ಆಗಿದ್ದಾಗ್ಲೂ ಗಡಿಯಾರ ಓಡಿಸೋಕೆ ಮದರ್‌ಬೋರ್ಡ್ ಮೇಲೆ ಒಂದು ಬಟನ್ ಸೆಲ್ ಇರುತ್ತೆ, ಹೆಚ್ಚುಕಮ್ಮಿ ಎಂಟಾಣೆಯಷ್ಟು ಅಗಲ ಇರಬಹುದು, ಮೇಲೆ ಸಿಆರ್2032 ಅಂತ ಬರ್ದಿರುತ್ತೆ, 3 ವೋಲ್ಟಿಂದು. ಪ್ಲಗ್‌ನಲ್ಲಿ ಕರೆಂಟ್ ಇರೋವರೆಗೂ ಅದು ಸತ್ತಿರೋದು ಗೊತ್ತಾಗಲ್ಲ, ಕರೆಂಟ್ ಹೋದಾಗ್ಲೇ ಬಣ್ಣ ಬಯಲಾಗೋದು. 2012ರಲ್ಲಿ ಇದೀನಿ ಅಂದ್ಕೊಂಡಿರೋ ಕಂಪ್ಯೂಟರಿಗೆ ಈ ವರ್ಷ ಕೊಟ್ಟ ಸರ್ಟಿಫಿಕೇಟು "ಇನ್ನೂ ಹುಟ್ಟೇ ಇಲ್ಲ", ಅದಕ್ಕೇ ಎಲ್ಲಾ ಸೈಟನ್ನೂ ತಳ್ಳಿಹಾಕುತ್ತೆ.

ಟೈಮ್ ಆಟೋಮ್ಯಾಟಿಕ್ ಅಂತ ಇಟ್ಟಿದೀನಿ ತಾನೇ ಸರಿ ಹೋಗ್ಬೇಕಲ್ವಾ ಅಂತ ಮಾವನೂ ಕೇಳಿದ್ರು. ಇಲ್ಲೊಂದು ಮರ್ಮ ಇದೆ. ಮನೆ ಕಂಪ್ಯೂಟರ್‌ನಲ್ಲಿ ವಿಂಡೋಸ್ ತಾನಾಗೇ ಸರಿ ಮಾಡ್ಕೊಳ್ಳೋದು ಸಾಮಾನ್ಯವಾಗಿ 15 ಗಂಟೆ ಒಳಗಿನ ವ್ಯತ್ಯಾಸ ಮಾತ್ರ, ಅದಕ್ಕಿಂತ ಜಾಸ್ತಿ ಇದ್ರೆ "ಸರ್ವರೇ ಸುಳ್ಳು ಹೇಳ್ತಿರಬಹುದು" ಅಂತ ಸುಮ್ನೆ ಕೂರುತ್ತೆ. ಅದಕ್ಕೆ ಮೊದಲು ಕೈಯಲ್ಲಿ ಇವತ್ತಿನ ತಾರೀಖು ಟೈಮು ಹಾಕಿ, ಆಮೇಲೆ ಸೆಟ್ಟಿಂಗ್ಸ್‌ನಲ್ಲಿ "ಸಿಂಕ್ ನೌ" ಒತ್ತಿ. ಇದು ಇವತ್ತಿನ ಮಟ್ಟಿಗೆ ಸರಿ, ಸೆಲ್ ಬದಲಾಯಿಸದೇ ಇದ್ರೆ ಮುಂದಿನ ಸಲ ಕರೆಂಟ್ ಹೋದಾಗ ಮತ್ತೆ 2012. ಸೆಲ್ಲು ವಾಚ್ ರಿಪೇರಿ ಅಂಗಡೀಲೂ ಸಿಗುತ್ತೆ, ದೊಡ್ಡ ದುಡ್ಡೇನಲ್ಲ. ಪ್ಲಗ್ ಕಿತ್ತಿಟ್ಟು ಕ್ಯಾಬಿನೆಟ್ ಪಕ್ಕದ ಬಾಗಿಲು ತೆಗೆದು, ಸೆಲ್ಲಿನ ಅಂಚಲ್ಲಿರೋ ಕ್ಲಿಪ್ ಉಗುರಲ್ಲಿ ತಳ್ಳಿದ್ರೆ ಹಾರ್ಕೊಂಡು ಬರುತ್ತೆ, ಅಕ್ಷರ ಇರೋ ಮುಖ ಮೇಲೆ ಬರೋ ಹಂಗೆ ಹೊಸದನ್ನ ಕೂರ್ಸಿ. ಮಾವ ವಿಡಿಯೋ ಕಾಲಲ್ಲಿ ನಾನು ಹೇಳಿದ್ದು ಕೇಳ್ಕೊಂಡು ತಾವೇ ಹಾಕಿದ್ರು, ಆಮೇಲೆ ಊರಲ್ಲಿ ಇನ್ನಿಬ್ರಿಗೂ ಹಾಕ್ಕೊಟ್ರಂತೆ.

"ಟೈಮ್ ಕರೆಕ್ಟಾಗೇ ಇದೆ, ಗೋಡೆ ಗಡಿಯಾರದ ಪಕ್ಕ ಇಟ್ಟು ನೋಡ್ದೆ, ಆದ್ರೂ ಕೆಲವು ಸೈಟಿಗೆ ಡೇಟ್ ಎರರ್"

ಟೈಮ್‌ಝೋನ್ ನೋಡಿ. ಸರ್ಟಿಫಿಕೇಟ್ ಲೆಕ್ಕ ನಡೆಯೋದು ಯುಟಿಸಿ ಅನ್ನೋ, ಜಗತ್ತಿಗೆಲ್ಲಾ ಒಂದೇ ಆದ ಟೈಮಲ್ಲಿ, ಅದಕ್ಕೆ ಐದೂವರೆ ಗಂಟೆ ಸೇರಿಸಿದ್ರೆ ನಮ್ಮ ಟೈಮು. ಕೆಲವರ ಕಂಪ್ಯೂಟರಲ್ಲಿ ಝೋನ್ ಅಮೆರಿಕದ ಪೆಸಿಫಿಕ್‌ನಲ್ಲೇ ಇರುತ್ತೆ, ಟೈಮ್ ತಪ್ಪು ಕಾಣ್ತಿದೆ ಅಂತ ಮುಳ್ಳನ್ನ ಮಾತ್ರ ತಿರುಗಿಸಿ ನಮ್ಮ ಟೈಮ್ ಮಾಡ್ಕೊಂಡಿರ್ತಾರೆ. ನೋಡೋಕೆ ಸರಿ, ಒಳಗೆ ಗಡಿಯಾರ ಹನ್ನೆರಡೂವರೆಯಿಂದ ಹದಿಮೂರೂವರೆ ಗಂಟೆ ಮುಂದೆ ಓಡ್ತಿರುತ್ತೆ.

ಒಂದೇ ಕಂಪ್ಯೂಟರಲ್ಲಿ ವಿಂಡೋಸು, ಲಿನಕ್ಸು ಎರಡೂ ಹಾಕ್ಕೊಂಡಿರೋ ಹುಡುಗರಿಗೆ ಇನ್ನೊಂದು ಥರ ಬರುತ್ತೆ. ಮದರ್‌ಬೋರ್ಡ್ ಗಡಿಯಾರದಲ್ಲಿ ವಿಂಡೋಸು ಲೋಕಲ್ ಟೈಮ್ ಬರ್ದಿಡುತ್ತೆ, ಲಿನಕ್ಸ್ ಯುಟಿಸಿ ಬರ್ದಿಡುತ್ತೆ. ಲಿನಕ್ಸ್‌ನಿಂದ ವಿಂಡೋಸಿಗೆ ಬಂದ್ರೆ ಸರಿಯಾಗಿ ಐದೂವರೆ ಗಂಟೆ ಹಿಂದೆ. ಈ ವ್ಯತ್ಯಾಸಕ್ಕೆ ಹಳೇ ಸರ್ಟಿಫಿಕೇಟ್‌ಗಳೆಲ್ಲಾ ಪಾಸ್ ಆಗ್ಬಿಡುತ್ತೆ, ಇವತ್ತು ಬೆಳಗ್ಗೆಯಷ್ಟೇ ನವೀಕರಿಸಿದ ಸೈಟು ಮಾತ್ರ ಫೇಲು, ಮಧ್ಯಾಹ್ನದ ಮೇಲೆ ಅದೂ ತಾನಾಗೇ ಸರಿ ಹೋಗುತ್ತೆ. ಎರಡರಲ್ಲಿ ಒಂದನ್ನ ಇನ್ನೊಂದರ ದಾರಿಗೆ ತನ್ನಿ, ವಿಂಡೋಸ್‌ನಲ್ಲಿ ರಿಜಿಸ್ಟ್ರಿಯ "ರಿಯಲ್‌ಟೈಮ್ ಈಸ್ ಯೂನಿವರ್ಸಲ್", ಲಿನಕ್ಸ್‌ನಲ್ಲಾದ್ರೆ "ಟೈಮ್‌ಡೇಟ್‌ಸಿಟಿಎಲ್" ಕಮಾಂಡು. ಎರಡೂ ಕಡೆ ಬದಲಾಯಿಸ್ಬೇಡಿ, ಮತ್ತೆ ಉಲ್ಟಾ ಐದೂವರೆ ಗಂಟೆ ಆಗುತ್ತೆ, ನಾನು ಮಾಡ್ಕೊಂಡಿದೀನಿ.

"ಅಡ್ವಾನ್ಸ್ಡ್ ಒತ್ತಿ ಪ್ರೊಸೀಡ್ ಕೊಟ್ರೆ ಹೋಗುತ್ತಲ್ಲ, ಕೊಟ್ರೆ ಏನಾಗುತ್ತೆ?"

ಪಾಸ್‌ವರ್ಡ್, ಓಟಿಪಿ, ಆಧಾರ್ ನಂಬರ್ ಹಾಕೋ ಕಡೆ ಕೊಡ್ಬೇಡಿ, ಬ್ಯಾಂಕಿಗೆ ಅಂತೂ ಸತ್ರೂ ಕೊಡ್ಬೇಡಿ. ನಿಮ್ಮ ಕೈಯಾರೆ ಗೋಡೆಗೆ ಹೊಡ್ದಿರೋ ರೂಟರ್ರು, ನೀವೇ ಕೂರ್ಸಿರೋ ಕ್ಯಾಮೆರಾ ಪೆಟ್ಟಿಗೆ ಇಂಥದ್ದಕ್ಕೆ ಕೊಡ್ಬಹುದು. ಬರೀ ಓದೋ ಸೈಟಿಗೆ ಕೊಟ್ರೆ ಏನು ಅಂತ ಕೇಳ್ತಾರೆ. ಓದೋಕೆ ತೊಂದ್ರೆ ಕಮ್ಮಿ, ಆದ್ರೆ ಮಧ್ಯದಲ್ಲಿ ಯಾರಾದ್ರೂ ಕೂತಿದ್ರೆ ಆ ಪುಟದಲ್ಲಿರೋ "ಡೌನ್‌ಲೋಡ್" ಬಟನ್ ಯಾರದ್ದು ಅಂತ ನಿಮಗೆ ಗೊತ್ತಾಗಲ್ಲ.

"ಮೊದ್ಲು ಅಡ್ರೆಸ್ ಪಕ್ಕ ಬೀಗ ಇರ್ತಿತ್ತು, ಈಗಿಲ್ಲ, ಸೆಕ್ಯೂರಿಟಿ ಹೋಯ್ತಾ?"

ಹೋಗಿಲ್ಲ. 2023ರ ಸೆಪ್ಟೆಂಬರ್‌ನಲ್ಲಿ ಕ್ರೋಮ್‌ನವ್ರೇ ಬೀಗ ತೆಗೆದು ಎರಡು ಗೆರೆ-ಗುಂಡಿ ಚಿತ್ರ ಹಾಕಿದ್ರು, ಯಾಕಂದ್ರೆ ಬೀಗ ಇದ್ರೆ ಸೈಟು ಸಾಚಾ ಅಂತ ಜನ ನಂಬ್ಕೊಂಡಿದ್ರು. ಕಳ್ಳ ಸೈಟಿಗೂ ಬೀಗ ಪುಕ್ಕಟೆ ಸಿಗುತ್ತೆ. ಬೀಗದ ಅರ್ಥ ಇಷ್ಟೇ, ಅಡ್ರೆಸ್‌ನಲ್ಲಿ ಬರ್ದಿರೋ ಹೆಸರಿನವ್ರ ಜೊತೆನೇ ಮಾತಾಡ್ತಿದೀರಿ, ಮಧ್ಯ ಯಾರೂ ಕದ್ದು ಕೇಳ್ತಿಲ್ಲ. ಆ ಹೆಸರಿನವ್ರು ಒಳ್ಳೆಯವ್ರಾ ಅನ್ನೋದು ಬೇರೆ ಮಾತು.

## ವೈಫೈ, ರೂಟರ್ ಕಡೆಯ ತಲೆನೋವು

"ಮೊಬೈಲ್ ಡೇಟಾದಲ್ಲಿ ಬರುತ್ತೆ, ಮನೆ ವೈಫೈನಲ್ಲಿ ಮಾತ್ರ ಎರರ್"

ಮೊದ್ಲು ನೆಟ್ ಬಿಲ್ ಕಟ್ಟಿದೀರಾ ನೋಡಿ, ತಮಾಷೆ ಅಲ್ಲ. ಪ್ಲ್ಯಾನ್ ಮುಗಿದಾಗ ಕೆಲವು ಲೋಕಲ್ ನೆಟ್‌ನವ್ರು ನೀವು ಯಾವ ಸೈಟ್ ಕೇಳಿದ್ರೂ ತಮ್ಮ "ರೀಚಾರ್ಜ್ ಮಾಡಿ" ಪುಟಕ್ಕೆ ತಿರುಗಿಸ್ತಾರೆ. ನೀವು ಕೇಳಿದ್ದು ಗೂಗಲ್, ಬಾಗಿಲು ತೆಗೆದಿದ್ದು ಕೇಬಲ್‌ನವ್ರು, ಚೀಟೀಲಿ ಹೆಸರು ಬೇರೆ, ಬ್ರೌಸರ್ ಕೂಗ್ಕೊಳ್ಳುತ್ತೆ. ರೈಲ್ವೆ ಸ್ಟೇಷನ್, ಲಾಡ್ಜ್ ವೈಫೈನಲ್ಲಿ ಲಾಗಿನ್ ಪುಟ ಬರೋದಕ್ಕೆ ಮುಂಚೆ ಬರೋ ಎರರೂ ಇದೇ. ಎಚ್‌ಟಿಟಿಪಿಎಸ್, ಅಂದ್ರೆ ಬೀಗ ಹಾಕಿದ ಸಂಪರ್ಕ, ಇಲ್ದಿರೋ ಒಂದು ಸೈಟ್ ತೆಗೀರಿ, ನೆವರ್‌ಎಸ್‌ಎಸ್‌ಎಲ್ ಡಾಟ್ ಕಾಮ್ ಅಂತ ಇದಕ್ಕೇ ಒಂದಿದೆ, ಆಗ ಆ ರೀಚಾರ್ಜ್ ಪುಟಾನೋ ಲಾಗಿನ್ ಪುಟಾನೋ ಮುಖ ತೋರ್ಸುತ್ತೆ.

ಬಿಲ್ ಸರಿ ಇದ್ದು ಒಂದೆರಡು ಸೈಟಿಗೆ ಮಾತ್ರ ಹೀಗಾದ್ರೆ ಆ ಸೈಟನ್ನ ನೆಟ್ ಕೊಡೋವ್ರು ಬ್ಲಾಕ್ ಮಾಡಿರ್ಬಹುದು. ಬ್ಲಾಕ್ ಪುಟಕ್ಕೆ ತಿರುಗಿಸಿದಾಗ್ಲೂ ಹೆಸರು ಹೊಂದಲ್ಲ, ಇದೇ ಎರರ್ ಬರುತ್ತೆ.

"ರೂಟರ್‌ನಲ್ಲಿ ಯಾರೋ ಡಿಎನ್‌ಎಸ್ ಬದಲಾಯಿಸಿದ್ರೆ ಹಿಂಗಾಗುತ್ತಂತೆ, ಗೊತ್ತಾಗೋದು ಹೆಂಗೆ?"

ಆಗುತ್ತೆ, ಮತ್ತೆ ಈ ಇಡೀ ಪಟ್ಟೀಲಿ ನಿಜವಾಗ್ಲೂ ಹೆದರ್ಬೇಕಾಗಿರೋದು ಇದೊಂದೇ. ಡಿಎನ್‌ಎಸ್ ಅಂದ್ರೆ ಸೈಟಿನ ಹೆಸರು ಕೊಟ್ರೆ ವಿಳಾಸ ಹೇಳೋವ್ನು. ಅವನನ್ನೇ ಬದಲಾಯಿಸಿದ್ರೆ ಬ್ಯಾಂಕಿನ ಹೆಸರು ಕೊಟ್ರೆ ಕಳ್ಳನ ಮನೆ ವಿಳಾಸ ಹೇಳ್ತಾನೆ. ಡಿಎನ್‌ಎಸ್‌ಚೇಂಜರ್ ಅಂತ ಒಂದು ಮಾಲ್‌ವೇರ್ ಇದನ್ನೇ ಮಾಡ್ತಿತ್ತು, ಜಗತ್ತಲ್ಲಿ 40 ಲಕ್ಷದಷ್ಟು ಕಂಪ್ಯೂಟರ್‌ಗೆ ಹಬ್ಬಿತ್ತು. 2011ರ ನವೆಂಬರ್‌ನಲ್ಲಿ ಅಮೆರಿಕದ ಎಫ್‌ಬಿಐ ಆ ಗ್ಯಾಂಗನ್ನ ಹಿಡೀತು. ಕಳ್ಳ ಸರ್ವರ್‌ಗಳನ್ನ ಒಂದೇ ಸಲಕ್ಕೆ ಆಫ್ ಮಾಡಿದ್ರೆ ಅಷ್ಟೂ ಜನಕ್ಕೆ ನೆಟ್ ನಿಲ್ಲುತ್ತೆ ಅಂತ ಬದಲಿ ಸರ್ವರ್ ಇಟ್ಟು, 2012ರ ಜುಲೈ 9ಕ್ಕೆ ಮುಚ್ಚಿದ್ರು.

ನೋಡೋದು ಹೆಂಗೆ ಅಂದ್ರೆ, ರೂಟರ್ ಪುಟದಲ್ಲಿ ವ್ಯಾನ್ ಅಥವಾ ಇಂಟರ್ನೆಟ್ ಅನ್ನೋ ಕಡೆ ಒಂದು, ಲ್ಯಾನ್ ಅಥವಾ ಡಿಎಚ್‌ಸಿಪಿ ಅನ್ನೋ ಕಡೆ ಇನ್ನೊಂದು, ಎರಡು ಕಡೆ ಡಿಎನ್‌ಎಸ್ ನಂಬರ್ ಇರುತ್ತೆ. ಎಷ್ಟೋ ಜನ ಮೊದಲನೇದು ನೋಡಿ ಸುಮ್ನಾಗ್ತಾರೆ, ಎರಡೂ ನೋಡಿ. "ಆಟೋಮ್ಯಾಟಿಕ್" ಇದ್ರೆ ಸರಿ, 8.8.8.8 ಇದ್ರೆ ಗೂಗಲ್‌ದು, 1.1.1.1 ಕ್ಲೌಡ್‌ಫ್ಲೇರ್‌ದು, 9.9.9.9 ಕ್ವಾಡ್9ದು. ನೀವು ಹಾಕಿಲ್ಲದ, ನೆಟ್‌ನವ್ರಿಗೂ ಗೊತ್ತಿಲ್ಲದ ನಂಬರ್ ಇದ್ರೆ ಬರೀ ನಂಬರ್ ಬದಲಾಯಿಸಿ ಬಿಡ್ಬೇಡಿ, ಒಳಗೆ ಬಂದವ್ನು ಮತ್ತೆ ಬರ್ತಾನೆ. ರೂಟರನ್ನ ಫ್ಯಾಕ್ಟರಿ ರೀಸೆಟ್ ಮಾಡಿ, ಅದ್ರ ಒಳಗಿನ ಸಾಫ್ಟ್‌ವೇರು, ಅಂದ್ರೆ ಫರ್ಮ್‌ವೇರ್ ಅಪ್‌ಡೇಟ್ ಮಾಡಿ, ಅಡ್ಮಿನ್-ಅಡ್ಮಿನ್ ಪಾಸ್‌ವರ್ಡ್ ಬದಲಾಯಿಸಿ, ಹೊರಗಿನಿಂದ ರೂಟರ್ ಪುಟ ತೆಗೆಯೋ ರಿಮೋಟ್ ಮ್ಯಾನೇಜ್‌ಮೆಂಟ್ ಆಫ್ ಮಾಡಿ. ಆಮೇಲೆ ಬ್ಯಾಂಕ್ ಪಾಸ್‌ವರ್ಡ್ ಬದಲಾಯಿಸಿ, ಅದನ್ನ ಮೊಬೈಲ್ ಡೇಟಾದಲ್ಲೇ ಮಾಡಿ. ಇಂಥ ಸಮಯದಲ್ಲಿ ನಿಮ್ಮನ್ನ ಕಾಯೋದು ಈ ಸರ್ಟಿಫಿಕೇಟ್ ಎರರ್ರೇ. ಕಳ್ಳ ವಿಳಾಸ ತಿರುಗಿಸಬಲ್ಲ, ಬ್ಯಾಂಕಿನ ಹೆಸರಲ್ಲಿ ಚೀಟಿ ಮಾಡ್ಸೋದು ಅಷ್ಟು ಸುಲಭ ಅಲ್ಲ.

"192.168.1.1 ತೆಗೆದ್ರೆ ನಾಟ್ ಸೆಕ್ಯೂರ್ ಅಂತಿದೆ, ಕಂಪನಿಯವ್ರೇ ಕೊಟ್ಟ ರೂಟರ್ ಅಲ್ವಾ?"

ಅದು ಹಂಗೇ ಇರೋದು. 192.168 ಅಂತ ಶುರುವಾಗೋ ನಂಬರ್ ನಿಮ್ಮನೆ ಒಂದರದ್ದೇ ಅಲ್ಲ, ಪಕ್ಕದ ಮನೇಲೂ ಇದೆ, ಕೋಟ್ಯಂತರ ಮನೇಲಿದೆ. "ಅಜ್ಜನ ಮನೆ" ಅಂದಂಗೆ, ಯಾರ ಅಜ್ಜ ಅಂತ ಹೇಳೋರ್ಯಾರು? ಅದಕ್ಕೇ ಯಾವ ಸಂಸ್ಥೇನೂ ಈ ನಂಬರಿಗೆ ಚೀಟಿ ಕೊಡಲ್ಲ, ರೂಟರ್ ತನಗೆ ತಾನೇ ಸಹಿ ಹಾಕ್ಕೊಂಡಿರುತ್ತೆ. ಅಡ್ರೆಸ್ ಸರಿಯಾಗಿ ಟೈಪ್ ಮಾಡಿದೀರಿ, ನಿಮ್ಮ ವೈಫೈನಲ್ಲೇ ಇದೀರಿ ಅಂದ್ರೆ ಮುಂದೆ ಹೋಗಿ.

"ಹಳೇ ಸಿಸಿಟಿವಿ ಡಿವಿಆರ್ ಪುಟ ಈಗ ತೆಗೆಯೋದೇ ಇಲ್ಲ, ಪ್ರೊಸೀಡ್ ಬಟನ್ನೂ ಇಲ್ಲ, ಸೈಫರ್ ಮಿಸ್‌ಮ್ಯಾಚ್ ಅಂತಿದೆ"

ಇದು ಚೀಟಿ ತಕರಾರಲ್ಲ, ಭಾಷೆ ತಕರಾರು. ಡಿವಿಆರ್‌ಗೆ ಬರೋದು ಟಿಎಲ್‌ಎಸ್ 1.0 ಅನ್ನೋ, ಬೀಗ ಹಾಕೋ ಹಳೇ ವಿಧಾನ, ಬ್ರೌಸರ್‌ಗಳು 2020ರಲ್ಲಿ ಅದನ್ನ ಬಿಟ್ಬಿಟ್ವು. ಫರ್ಮ್‌ವೇರ್ ಸಿಕ್ರೆ ಹಾಕಿ. ಸಿಗದಿದ್ರೆ ಮನೆ ಒಳಗೆ ಮಾತ್ರ ಎಚ್‌ಟಿಟಿಪಿನಲ್ಲಿ ತೆಗೀರಿ, ಆ ಪೆಟ್ಟಿಗೇನ ಯಾವ ಕಾರಣಕ್ಕೂ ಹೊರಗಿನ ಇಂಟರ್ನೆಟ್‌ಗೆ ತೆರೆದಿಡ್ಬೇಡಿ.

## ಕಂಪ್ಯೂಟರ್, ಫೋನ್ ಒಳಗಿನ ಕಿತಾಪತಿ

"ಯಾವ ಸೈಟಿನ ಸರ್ಟಿಫಿಕೇಟ್ ನೋಡಿದ್ರೂ ಕೊಟ್ಟವ್ರು ಅಂತ ಆಂಟಿವೈರಸ್ ಹೆಸರು ತೋರಿಸ್ತಿದೆ, ಇದು ಸರೀನಾ?"

ಕೆಲವು ಆಂಟಿವೈರಸ್‌ಗಳು ನಿಮಗೂ ಸೈಟಿಗೂ ಮಧ್ಯ ಕೂತು, ಬೀಗ ತೆಗೆದು ಒಳಗೆ ನೋಡಿ, ಮತ್ತೆ ತಮ್ಮ ಬೀಗ ಹಾಕಿ ನಿಮಗೆ ಕೊಡ್ತವೆ. ಇನ್‌ಸ್ಟಾಲ್ ಆಗೋವಾಗ ತಮ್ಮ ರೂಟ್ ಸರ್ಟಿಫಿಕೇಟನ್ನ, ಅಂದ್ರೆ ಬೇರೆ ಚೀಟಿಗಳಿಗೆ ಸಹಿ ಹಾಕೋ ಮೂಲ ಚೀಟೀನ, ಕಂಪ್ಯೂಟರ್‌ಗೆ ಸೇರ್ಸಿರ್ತವೆ, ಹಂಗಾಗಿ ಬ್ರೌಸರ್ ಸುಮ್ನಿರುತ್ತೆ. ಅಪ್‌ಡೇಟ್ ಅರ್ಧಕ್ಕೆ ನಿಂತ್ರೆ, ಲೈಸೆನ್ಸ್ ಮುಗಿದ್ರೆ, ಅನ್‌ಇನ್‌ಸ್ಟಾಲ್ ಸರಿಯಾಗಿ ಆಗದಿದ್ರೆ ಒಂದೇ ಸಲ ಎಲ್ಲಾ ಸೈಟೂ ಢಮಾರ್. ಅದ್ರ ಸೆಟ್ಟಿಂಗ್ಸ್‌ನಲ್ಲಿ "ಎಚ್‌ಟಿಟಿಪಿಎಸ್ ಸ್ಕ್ಯಾನಿಂಗ್" ಅಥವಾ "ವೆಬ್ ಶೀಲ್ಡ್" ಥರದ್ದು ಇರುತ್ತೆ, ಆಫ್ ಮಾಡಿ ನೋಡಿ, ಸರಿ ಹೋದ್ರೆ ಅಪರಾಧಿ ಸಿಕ್ಕ. ನಾನು ನಮ್ಮನೇಲಿ ಇದನ್ನ ಆಫೇ ಇಟ್ಟಿದೀನಿ, ಬೀಗ ತೆಗೆಯೋ ಕೈ ಎಷ್ಟು ಕಮ್ಮಿ ಇದ್ರೆ ಅಷ್ಟು ಒಳ್ಳೇದು ಅನ್ನೋದು ನನ್ನ ಲೆಕ್ಕ.

ಬೇಲಿನೇ ಎದ್ದು ಹೊಲ ಮೇಯ್ದ ಕಥೆಗೆ ಸೂಪರ್‌ಫಿಶ್ ನೋಡಿ. ಲೆನೊವೊ ತನ್ನ ಕೆಲವು ಲ್ಯಾಪ್‌ಟಾಪ್‌ಗಳಲ್ಲಿ ಜಾಹೀರಾತು ತೋರಿಸೋಕೆ ಈ ಸಾಫ್ಟ್‌ವೇರ್ ಹಾಕಿ ಮಾರಿತ್ತು, 2015ರ ಫೆಬ್ರವರೀಲಿ ಬಯಲಾಯ್ತು. ಎಲ್ಲಾ ಲ್ಯಾಪ್‌ಟಾಪಿಗೂ ಒಂದೇ ರೂಟ್, ಒಂದೇ ಕೀಲಿ, ಆ ಕೀಲಿ ತೆಗೆದವ್ನಿಗೆ ಎಲ್ಲರ ಬ್ಯಾಂಕ್ ಪುಟಾನೂ ನಕಲು ಮಾಡೋಕೆ ದಾರಿ. ಸೆಕೆಂಡ್ ಹ್ಯಾಂಡ್ ಲ್ಯಾಪ್‌ಟಾಪ್ ತಗೊಂಡ್ರೆ ವಿಂಡೋಸ್ ಹೊಸದಾಗಿ ಹಾಕ್ಕೊಳ್ಳಿ ಅಂತ ನಾನು ಬಡ್ಕೊಳ್ಳೋದು ಇದಕ್ಕೇ.

"ಆಫೀಸ್ ಲ್ಯಾಪ್‌ಟಾಪ್ ಮನೇಲಿ ಹಾಕಿದ್ರೆ ಸರ್ಟಿಫಿಕೇಟ್ ಕೊಟ್ಟವ್ರು ಅಂತ ನಮ್ಮ ಕಂಪನಿ ಹೆಸರು ಬರ್ತಿದೆ"

ಕಂಪನಿಯವ್ರು ಟ್ರಾಫಿಕ್ ನೋಡ್ತಿದಾರೆ ಅಂತ ಅರ್ಥ. ಎರರ್ ಬಂದ್ರೆ ಅವ್ರ ಐಟಿಗೆ ಹೇಳಿ, ನೀವು ಕೈ ಹಾಕ್ಬೇಡಿ. ಸ್ವಂತ ಬ್ಯಾಂಕ್ ಕೆಲ್ಸ ಸ್ವಂತ ಫೋನಲ್ಲಿ.

"ಒಂದು ಸರ್ಕಾರಿ ಸೈಟು ಕ್ರೋಮ್‌ನಲ್ಲಿ ಬರುತ್ತೆ, ಬೇರೆ ಕಡೆ ಬರಲ್ಲ, ಯಾವುದನ್ನ ನಂಬೋದು?"

ಎರಡು ಕಾರಣ ಇರುತ್ತೆ. ಒಂದು, ಸೈಟಿನವ್ರ ಉದಾಸೀನ. ಸೈಟಿನ ಚೀಟಿಗೆ ನೇರವಾಗಿ ದೊಡ್ಡವ್ರು ಸಹಿ ಹಾಕಲ್ಲ, ಮಧ್ಯದಲ್ಲಿ ಒಬ್ಬ ಇರ್ತಾನೆ, ಅವ್ನ ಚೀಟೀನೂ ಸೈಟ್ ಜೊತೆಗೇ ಕೊಡ್ಬೇಕು. ಎಷ್ಟೋ ಕಡೆ ಅದನ್ನ ಹಾಕೋದೇ ಮರ್ತಿರ್ತಾರೆ. ಕಂಪ್ಯೂಟರ್‌ನ ಕ್ರೋಮ್ ಅದನ್ನ ತಾನೇ ಹುಡುಕಿ ತರುತ್ತೆ, ಎಲ್ಲಾ ಆ್ಯಪ್‌ಗಳೂ ಅಷ್ಟು ಕಷ್ಟ ಪಡಲ್ಲ. ನಿಮ್ಮ ತಪ್ಪೇನಿಲ್ಲ, ಸೈಟಿನವ್ರಿಗೆ "ಇಂಟರ್‌ಮೀಡಿಯೆಟ್ ಸರ್ಟಿಫಿಕೇಟ್ ಹಾಕಿಲ್ಲ" ಅಂತ ಒಂದು ಮೇಲ್ ಹಾಕಿ.

ಇನ್ನೊಂದು, ಯಾರನ್ನ ನಂಬ್ಬೇಕು ಅನ್ನೋ ಪಟ್ಟಿ ಎಲ್ಲರ ಹತ್ರಾನೂ ಒಂದೇ ಇಲ್ಲ. ಫೈರ್‌ಫಾಕ್ಸ್ ಮೊದಲಿಂದ್ಲೂ ತನ್ನದೇ ಪಟ್ಟಿ ಇಟ್ಕೊಂಡಿದೆ, ಕ್ರೋಮ್ 2022ರಿಂದ ವಿಂಡೋಸ್‌ನಲ್ಲಿ ತನ್ನದೇ ಪಟ್ಟಿಗೆ ಬಂತು. ಇದು ಯಾಕೆ ಮುಖ್ಯ ಅನ್ನೋಕೆ ನಮ್ಮ ದೇಶದ್ದೇ ಉದಾಹರಣೆ ಇದೆ. 2014ರ ಜುಲೈನಲ್ಲಿ ಗೂಗಲ್‌ನ ಹೆಸರಿಗೆ ಯಾರೋ ಅನಧಿಕೃತವಾಗಿ ಸರ್ಟಿಫಿಕೇಟ್ ಮಾಡ್ಸಿರೋದನ್ನ ಗೂಗಲ್ ಪತ್ತೆ ಮಾಡ್ತು. ಅವು ಹುಟ್ಟಿದ್ದು ನಮ್ಮ ಎನ್‌ಐಸಿ, ಅಂದ್ರೆ ರಾಷ್ಟ್ರೀಯ ಮಾಹಿತಿ ವಿಜ್ಞಾನ ಕೇಂದ್ರದ ಹತ್ರ ಇದ್ದ ಇಂಟರ್‌ಮೀಡಿಯೆಟ್‌ನಿಂದ. ಅದಕ್ಕೆ ಮೇಲಿನವ್ರು ಸಿಸಿಎ, ಅಂದ್ರೆ ಚೀಟಿ ಕೊಡೋವ್ರ ಮೇಲ್ವಿಚಾರಣೆ ಮಾಡೋ ಭಾರತ ಸರ್ಕಾರದ ಕಚೇರಿ. ಸಿಸಿಎ ರೂಟು ಮೈಕ್ರೋಸಾಫ್ಟ್ ಪಟ್ಟೀಲಿತ್ತು, ಹಂಗಾಗಿ ಅಪಾಯ ಇದ್ದಿದ್ದು ವಿಂಡೋಸ್ ಪಟ್ಟಿ ನಂಬೋವ್ರಿಗೆ. ಫೈರ್‌ಫಾಕ್ಸ್ ಪಟ್ಟೀಲಿ ಇರ್ಲೇ ಇಲ್ಲ, ಅವ್ರಿಗೆ ಬಿಸಿ ತಟ್ಲಿಲ್ಲ. ಸಿಸಿಎ ಮಾರನೇ ದಿನಾನೇ ಎನ್‌ಐಸಿಯ ಇಂಟರ್‌ಮೀಡಿಯೆಟ್‌ಗಳನ್ನ ರದ್ದು ಮಾಡ್ತು.

"ಅಮ್ಮನ ಹಳೇ ಫೋನು, ವಿಂಡೋಸ್ 7 ಕಂಪ್ಯೂಟರು, ಅರ್ಧ ಸೈಟ್ ಬರುತ್ತೆ ಅರ್ಧ ಬರಲ್ಲ"

ಹಳೇ ಸಿಸ್ಟಂ ಹತ್ರ ಇರೋ ಪಟ್ಟೀನೂ ಹಳೇದು. ಅದ್ರಲ್ಲಿರೋ ರೂಟ್‌ಗಳಿಗೂ ಆಯುಸ್ಸು ಇರುತ್ತೆ. ಪುಕ್ಕಟೆ ಸರ್ಟಿಫಿಕೇಟ್ ಕೊಡೋ ಲೆಟ್ಸ್ ಎನ್‌ಕ್ರಿಪ್ಟ್ ಆಸರೆಯಾಗಿ ಇಟ್ಕೊಂಡಿದ್ದ ಒಂದು ಹಳೇ ರೂಟ್ 2021ರ ಸೆಪ್ಟೆಂಬರ್ 30ಕ್ಕೆ ಮುಗೀತು, ಅವತ್ತು ಜಗತ್ತಿನ ತುಂಬಾ ಎಷ್ಟೋ ಹಳೇ ಸಾಮಾನುಗಳು ಒಟ್ಟಿಗೆ ಕೈಕೊಟ್ವು. ಆಂಡ್ರಾಯ್ಡ್ 7.1.1ಕ್ಕಿಂತ ಹಳೇ ಫೋನಿಗೆ ಅವ್ರ ಹೊಸ ರೂಟ್ ಗೊತ್ತಿಲ್ಲ. ಅಂಥ ಫೋನಲ್ಲಿ ಫೈರ್‌ಫಾಕ್ಸ್ ಹಾಕೋಕಾದ್ರೆ ಸ್ವಲ್ಪ ದಿನ ಬಾಳುತ್ತೆ, ಪಟ್ಟಿ ತಾನೇ ಹೊತ್ಕೊಂಡು ಬರುತ್ತಲ್ಲ. ವಿಂಡೋಸ್ 7ಕ್ಕೆ ಕ್ರೋಮ್ 109ನೇ ಆವೃತ್ತೀಲೇ ನಿಂತೋಯ್ತು, 2023ರಲ್ಲಿ. ಹಾಡು ಕೇಳೋಕೆ ಇಟ್ಕೊಳ್ಳಿ, ಬ್ಯಾಂಕಿಗೆ ಬೇಡ.

"ಜಿಎಸ್‌ಟಿ, ಟೆಂಡರ್ ಸಹಿ ಮಾಡೋವಾಗ 127.0.0.1 ಅಂತ ಒಂದು ಪುಟ ತೆಗೆದು ಅಡ್ವಾನ್ಸ್ಡ್ ಒತ್ತಿ ಅಂತಾರೆ, ಇದು ಮೋಸ ಅಲ್ವಾ?"

127.0.0.1 ಅಂದ್ರೆ ನಿಮ್ಮ ಕಂಪ್ಯೂಟರ್ರೇ, ಬೇರೆ ಯಾರೂ ಅಲ್ಲ. ಡಿಜಿಟಲ್ ಸಹಿ ಡಾಂಗಲ್ ಓದೋ ಸಾಫ್ಟ್‌ವೇರು ನಿಮ್ಮ ಕಂಪ್ಯೂಟರ್ ಒಳಗೇ ಒಂದು ಪುಟ್ಟ ಸರ್ವರ್ ಆಗಿ ಕೂತಿರುತ್ತೆ, ಪೋರ್ಟಲ್‌ನ ಪುಟ ಅದ್ರ ಜೊತೆ ಮಾತಾಡುತ್ತೆ. ಅದ್ರ ಚೀಟೀನೂ ಸ್ವಂತ ಸಹಿದು, ಅದಕ್ಕೇ ಒಂದ್ಸಲ ಒಪ್ಕೋಬೇಕು. ಆ ಸಾಫ್ಟ್‌ವೇರನ್ನ ಪೋರ್ಟಲ್‌ನಿಂದ್ಲೇ ಇಳಿಸ್ಕೊಂಡಿದ್ರೆ ಒಪ್ಕೊಳ್ಳಿ. ಫೋನಲ್ಲಿ ಯಾರೋ "ಸರ್, ಈ ಸರ್ಟಿಫಿಕೇಟ್ ಹಾಕ್ಕೊಳ್ಳಿ" ಅಂತ ವಾಟ್ಸಾಪ್‌ನಲ್ಲಿ ಫೈಲ್ ಕಳ್ಸಿದ್ರೆ ಬೇಡ. ಒಂದು ಚೀಟಿ ಒಪ್ಕೊಳ್ಳೋದು ಬೇರೆ, ಚೀಟಿ ಕೊಡೋವ್ನನ್ನೇ ಮನೆಗೆ ಸೇರಿಸ್ಕೊಳ್ಳೋದು ಬೇರೆ. ರೂಟ್ ಹಾಕ್ಕೊಂಡ್ರೆ ಅವ್ನು ಯಾವ ಸೈಟಿನ ಹೆಸರಿಗಾದ್ರೂ ಚೀಟಿ ಬರೀಬಹುದು.

## ಮನೇಲಿ ಸರ್ವರ್ ಇಟ್ಕೊಂಡವ್ರಿಗೆ

"ನ್ಯಾಸ್ ತೆಗೆದಾಗೆಲ್ಲಾ ಎರರ್, ಹೆಂಡ್ತಿ ಫೋಟೋ ನೋಡೋಕೆ ಹೆದರ್ತಾಳೆ, ಶಾಶ್ವತವಾಗಿ ಹೋಗ್ಸೋದು ಹೆಂಗೆ?"

ನ್ಯಾಸ್ ಅಂದ್ರೆ ಮನೆಯವ್ರೆಲ್ಲರ ಫೋಟೋ, ಫೈಲು ಇಡೋ ನೆಟ್‌ವರ್ಕ್ ಡಿಸ್ಕ್ ಪೆಟ್ಟಿಗೆ. ನನ್ನ ಸಲಹೆ, ಸ್ವಂತ ಡೊಮೇನ್, ಅಂದ್ರೆ ಇಂಟರ್ನೆಟ್‌ನಲ್ಲಿ ನಿಮ್ಮದೇ ಹೆಸರು, ಒಂದು ತಗೊಳ್ಳಿ. ಲೆಟ್ಸ್ ಎನ್‌ಕ್ರಿಪ್ಟ್‌ನಲ್ಲಿ ಡಿಎನ್‌ಎಸ್-01 ಅಂತ ಒಂದು ವಿಧಾನ ಇದೆ, ಡೊಮೇನ್ ನಿಮ್ಮದೇ ಅಂತ ತೋರ್ಸೋಕೆ ಡಿಎನ್‌ಎಸ್‌ನಲ್ಲಿ ಒಂದು ಟಿಎಕ್ಸ್‌ಟಿ ಸಾಲು ಹಾಕಿದ್ರೆ ಸಾಕು, ನ್ಯಾಸ್ ಹೊರಗಿನವ್ರಿಗೆ ಕಾಣೋದೇ ಬೇಡ. ಆ ಹೆಸರನ್ನ 192.168ರ ವಿಳಾಸಕ್ಕೆ ತೋರ್ಸಿ. ಇಷ್ಟು ಮಾಡಿದ್ಮೇಲೂ ಮನೇಲಿ ಹೆಸರು ತೆಗೆಯದಿದ್ರೆ ಅದು ಸರ್ಟಿಫಿಕೇಟ್ ತಪ್ಪಲ್ಲ, ಕೆಲವು ರೂಟರ್‌ಗಳು ಹೊರಗಿನ ಡಿಎನ್‌ಎಸ್ ಒಳಗಿನ ವಿಳಾಸ ಹೇಳಿದ್ರೆ ಅನುಮಾನದಿಂದ ಬಿಸಾಕ್ತವೆ, ರೀಬೈಂಡ್ ಪ್ರೊಟೆಕ್ಷನ್ ಅಂತಾರೆ, ಓಪನ್‌ಡಬ್ಲ್ಯುಆರ್‌ಟಿ ಅನ್ನೋ ರೂಟರ್ ಸಾಫ್ಟ್‌ವೇರಲ್ಲಿ ಮೊದಲಿಂದ್ಲೇ ಆನ್ ಇರುತ್ತೆ. ನಿಮ್ಮ ಡೊಮೇನ್‌ಗೆ ಮಾತ್ರ ವಿನಾಯ್ತಿ ಕೊಡಿ, ಪೂರ್ತಿ ಆಫ್ ಮಾಡ್ಬೇಡಿ.

ಇನ್ನೊಂದು ಯಾರೂ ಹೇಳದ ವಿಷ್ಯ. ಇಂಥ ಸರ್ಟಿಫಿಕೇಟ್ ಪ್ರತಿಯೊಂದೂ ಸಾರ್ವಜನಿಕ ಲಾಗ್‌ನಲ್ಲಿ ದಾಖಲಾಗುತ್ತೆ, ಯಾರು ಬೇಕಾದ್ರೂ ಹುಡುಕಬಹುದು. ನ್ಯಾಸ್‌ಗೆ ಮಗಳ ಹೆಸರು, ಮನೆ ಹೆಸರು ಇಡ್ಬೇಡಿ. ವೈಲ್ಡ್‌ಕಾರ್ಡ್, ಅಂದ್ರೆ ಡೊಮೇನ್ ಕೆಳಗಿನ ಎಲ್ಲಾ ಹೆಸರಿಗೂ ಒಂದೇ ಚೀಟಿ, ತಗೊಂಡ್ರೆ ಒಳಗಿನ ಹೆಸರುಗಳು ಹೊರಗೆ ಕಾಣಲ್ಲ.

"ಎಂಕೆಸರ್ಟ್‌ನಲ್ಲಿ ಸ್ವಂತ ಸಿಎ ಮಾಡ್ದೆ, ಲ್ಯಾಪ್‌ಟಾಪ್ ಒಪ್ಕೊಳ್ತು, ಫೋನ್‌ಗಳು ಒಪ್ತಿಲ್ಲ"

ಸಿಎ ಅಂದ್ರೆ ಚೀಟಿ ಕೊಡೋವ್ನು, ಎಂಕೆಸರ್ಟ್ ಅದನ್ನ ಮನೇಲೇ ಮಾಡ್ಕೊಡೋ ಸಾಫ್ಟ್‌ವೇರು. ಐಫೋನ್‌ನಲ್ಲಿ ಪ್ರೊಫೈಲ್ ಇನ್‌ಸ್ಟಾಲ್ ಮಾಡಿದ್ರೆ ಅರ್ಧ ಕೆಲ್ಸ. ಸೆಟ್ಟಿಂಗ್ಸ್, ಜನರಲ್, ಅಬೌಟ್, ಅದ್ರ ಕೊನೇಲಿ ಸರ್ಟಿಫಿಕೇಟ್ ಟ್ರಸ್ಟ್ ಸೆಟ್ಟಿಂಗ್ಸ್, ಅಲ್ಲಿ ಸ್ವಿಚ್ ಆನ್ ಮಾಡ್ಬೇಕು, ಕೊಂಕಣ ಸುತ್ತಿ ಮೈಲಾರಕ್ಕೆ ಬಂದಂಗೆ. ಆಂಡ್ರಾಯ್ಡ್‌ನಲ್ಲಿ ಸಿಎ ಹಾಕಿದ್ರೆ ಕ್ರೋಮ್ ಒಪ್ಪುತ್ತೆ, ಆದ್ರೆ ಆಂಡ್ರಾಯ್ಡ್ 7ರಿಂದೀಚೆಗೆ ಆ್ಯಪ್‌ಗಳು ನೀವು ಹಾಕಿದ ಸಿಎನ ಸಾಮಾನ್ಯವಾಗಿ ನಂಬಲ್ಲ, ಆ್ಯಪ್ ಮಾಡಿದವ್ರೇ ಅನುಮತಿ ಕೊಟ್ಟಿರ್ಬೇಕು. ನ್ಯಾಸ್ ಬ್ರೌಸರಲ್ಲಿ ಬರುತ್ತೆ ಆ್ಯಪ್‌ನಲ್ಲಿ ಬರಲ್ಲ ಅನ್ನೋದಕ್ಕೆ ಇದೇ ಕಾರಣ.

ಓಪನ್‌ಎಸ್‌ಎಸ್‌ಎಲ್ ಅನ್ನೋ ಕಮಾಂಡಲ್ಲಿ ಕೈಯಾರೆ ಚೀಟಿ ಮಾಡೋವ್ರು ಇನ್ನೆರಡು ಕಡೆ ಎಡವ್ತಾರೆ. 2017ರ ಕ್ರೋಮ್ 58ರಿಂದ ಕಾಮನ್ ನೇಮ್ ಅನ್ನೋ ಜಾಗ ನೋಡೋದೇ ಇಲ್ಲ, ಹೆಸರು "ಸಬ್ಜೆಕ್ಟ್ ಆಲ್ಟರ್ನೇಟಿವ್ ನೇಮ್" ಅನ್ನೋ ಕಡೇನೇ ಇರ್ಬೇಕು, ಐಪಿ ನಂಬರಲ್ಲಿ ತೆಗೆಯೋದಾದ್ರೆ ಐಪಿನೂ ಅಲ್ಲೇ. ಮತ್ತೆ ಒಂದ್ಸಲ ಮಾಡಿ ಮರ್ತುಬಿಡೋಣ ಅಂತ 10 ವರ್ಷ ಕೊಟ್ರೆ ಆಪಲ್ ಸಾಮಾನುಗಳು ಒಪ್ಪಲ್ಲ, 825 ದಿನ ಅವ್ರ ಮಿತಿ. ಸಿಎನ ಕೀಲಿ ಫೈಲ್ ಯಾರಿಗೂ ಕೊಡ್ಬೇಡಿ, ಕ್ಲೌಡ್‌ಗೂ ಹಾಕ್ಬೇಡಿ.

"ಪ್ರೊಸೀಡ್ ಬಟನ್ನೇ ಕಾಣ್ತಿಲ್ಲ, ಎಚ್‌ಎಸ್‌ಟಿಎಸ್ ಅಂತ ಏನೋ ಬರ್ದಿದೆ"

"ನನ್ನ ಹತ್ರ ಬೀಗ ಇಲ್ದೇ ಬರ್ಬೇಡಿ, ಎರರ್ ಬಂದ್ರೆ ಯಾರನ್ನೂ ಬಿಡ್ಬೇಡಿ" ಅಂತ ಆ ಸೈಟೇ ಬ್ರೌಸರಿಗೆ ಮೊದ್ಲೇ ಹೇಳಿಟ್ಟಿದೆ. ನಿಜವಾದ ಸೈಟಾದ್ರೆ ದಾರಿ ಹುಡುಕ್ಬೇಡಿ. ನಿಮ್ಮ ಮನೆ ಸರ್ವರ್‌ಗೇ ಹಿಂಗಾದ್ರೆ, ಕೊನೇಲಿ ಡಾಟ್ ಡೆವ್ ಅಂತ ಹೆಸರಿಟ್ಟಿದೀರಾ ನೋಡಿ. ಆ ಇಡೀ ಡೊಮೇನ್‌ಗೇ ಬ್ರೌಸರ್‌ಗಳು 2017ರ ಕೊನೆಯಿಂದ ಎಚ್‌ಎಸ್‌ಟಿಎಸ್ ಕಡ್ಡಾಯ ಮಾಡಿವೆ. ಮನೆಗೆ ಅಂತ್ಲೇ ಹೋಮ್ ಡಾಟ್ ಆರ್ಪಾ ಮೀಸಲಿದೆ, 2024ರಿಂದ ಡಾಟ್ ಇಂಟರ್ನಲ್ ಕೂಡ.

"ಸರ್ಟಿಫಿಕೇಟ್ ಆಯುಸ್ಸು 47 ದಿನ ಮಾಡ್ತಾರಂತೆ, ನಮ್ ಗತಿ?"

2025ರ ಏಪ್ರಿಲ್‌ನಲ್ಲಿ ಬ್ರೌಸರ್ ಕಂಪನಿಗಳು, ಸರ್ಟಿಫಿಕೇಟ್ ಕಂಪನಿಗಳು ಸೇರಿ ತೀರ್ಮಾನ ಮಾಡಿದಾರೆ: 398 ದಿನ ಇದ್ದಿದ್ದು 2026ರ ಮಾರ್ಚ್ 15ರಿಂದ 200, 2027ರ ಮಾರ್ಚ್‌ನಿಂದ 100, 2029ರ ಮಾರ್ಚ್‌ನಿಂದ 47. ಸ್ವಂತ ಸಿಎಗೆ ಇದು ತಾಗಲ್ಲ. ಲೆಟ್ಸ್ ಎನ್‌ಕ್ರಿಪ್ಟ್ ಇಟ್ಕೊಂಡವ್ರಿಗೂ ನವೀಕರಣ ಆಟೋಮ್ಯಾಟಿಕ್ ಇದ್ರೆ ಚಿಂತೆ ಇಲ್ಲ. ಕ್ಯಾಲೆಂಡರ್‌ನಲ್ಲಿ ಬರ್ದಿಟ್ಕೊಂಡು ಕೈಯಲ್ಲಿ ಮಾಡೋವ್ರು ಈಗ್ಲೇ ಅಭ್ಯಾಸ ಬದಲಾಯಿಸ್ಕೊಳ್ಳಿ.

"ಕರೆಂಟ್ ಹೋಗಿ ಬಂದ್ರೆ ಮನೆಯವ್ರೆಲ್ಲರಿಗೂ ನೆಟ್ ಇಲ್ಲ, ಡಿಎನ್‌ಎಸ್ ರಾಸ್ಪ್‌ಬೆರಿ ಪೈನಲ್ಲಿ ಓಡ್ತಿದೆ"

ಇದನ್ನ ಹಿಡಿಯೋಕೆ ನಂಗೆ ಎರಡು ಭಾನುವಾರ ಬೇಕಾಯ್ತು. ರಾಸ್ಪ್‌ಬೆರಿ ಪೈ ಅಂದ್ರೆ ಒಂದೇ ಬೋರ್ಡಿನ ಪುಟ್ಟ ಕಂಪ್ಯೂಟರು. ಪೈ 4ರವರೆಗೂ ಬೋರ್ಡ್ ಮೇಲೆ ಗಡಿಯಾರಾನೇ ಇಲ್ಲ, ಕರೆಂಟ್ ಹೋದ ಕ್ಷಣದಲ್ಲಿ ಟೈಮ್ ನಿಂತಿರುತ್ತೆ. ನಮ್ಮನೇಲಿ ಬೆಳಗ್ಗೆ 10ಕ್ಕೆ ಹೋದ ಕರೆಂಟ್ ರಾತ್ರಿ 8ಕ್ಕೆ ಬಂದ್ರೆ ಪೈ ಪ್ರಕಾರ ಇನ್ನೂ ಬೆಳಗ್ಗೆ 10. ಎದ್ದ ಕೂಡ್ಲೇ ಟೈಮ್ ಸರ್ವರ್ ಹುಡುಕುತ್ತೆ, ಅದಕ್ಕೆ ಡಿಎನ್‌ಎಸ್ ಬೇಕು. ಡಿಎನ್‌ಎಸ್ ಇದೇ ಪೈನಲ್ಲಿದೆ, ಅದು ಬಂದ ಉತ್ತರ ಅಸಲಿನಾ ಅಂತ ಡಿಎನ್‌ಎಸ್‌ಸೆಕ್ ಅನ್ನೋ ಸಹಿ ಪರೀಕ್ಷೆ ಮಾಡುತ್ತೆ, ಸಹೀಲಿ ಶುರುವಿನ ತಾರೀಖೂ ಕೊನೇ ತಾರೀಖೂ ಇರುತ್ತೆ, ಟೈಮ್ ಹಿಂದಿದ್ರೆ ಸಹಿ ಇನ್ನೂ ಜಾರಿಗೇ ಬಂದಿಲ್ಲ ಅಂತ ಉತ್ತರ ತಿರಸ್ಕರಿಸುತ್ತೆ. ಟೈಮ್ ಇಲ್ದೇ ಡಿಎನ್‌ಎಸ್ ಇಲ್ಲ, ಡಿಎನ್‌ಎಸ್ ಇಲ್ದೇ ಟೈಮ್ ಇಲ್ಲ. ಹುಚ್ಚು ಬಿಟ್ಟ ಹೊರತು ಮದುವೆ ಆಗಲ್ಲ, ಮದುವೆ ಆದ ಹೊರತು ಹುಚ್ಚು ಬಿಡಲ್ಲ. ಒಂದೆರಡು ಗಂಟೆ ಕರೆಂಟ್ ಹೋದಾಗ ಏನೂ ಆಗ್ತಿರ್ಲಿಲ್ಲ, ಇಡೀ ದಿನ ಹೋದಾಗ ಮಾತ್ರ ಆಗ್ತಿತ್ತು, ಅದಕ್ಕೇ ಇಷ್ಟು ಸತಾಯಿಸಿದ್ದು.

ಎರಡು ದಾರಿ. ಟೈಮ್ ಸರ್ವರನ್ನ ಹೆಸರಲ್ಲಿ ಅಲ್ದೇ ಐಪಿ ನಂಬರಲ್ಲಿ ಕೊಡಿ, ರೂಟರೇ ಟೈಮ್ ಕೊಡೋ ಹಂಗಿದ್ರೆ ರೂಟರ್ ನಂಬರೇ ಹಾಕಿ, ಆದ್ರೆ ಆ ರೂಟರ್ ತನ್ನ ಟೈಮಿಗೆ ಇದೇ ಪೈನ ಡಿಎನ್‌ಎಸ್ ಕೇಳ್ತಿಲ್ಲ ಅಂತ ನೋಡ್ಕೊಳ್ಳಿ. ಇಲ್ಲಾಂದ್ರೆ ಡಿಎಸ್3231 ಅನ್ನೋ ಗಡಿಯಾರದ ಚಿಕ್ಕ ಬೋರ್ಡ್ ತಂದು ಪೈನ ಪಿನ್ನಿಗೆ ಸಿಗಿಸಿ, ಅದ್ರಲ್ಲಿ ಸೆಲ್ ಇರುತ್ತೆ. ಪೈ 5ರಲ್ಲಿ ಗಡಿಯಾರ ಬೋರ್ಡ್ ಮೇಲೇ ಇದೆ, ಬ್ಯಾಟರಿ ಮಾತ್ರ ಬೇರೆ ತಗೋಬೇಕು. ನಾನು ಡಿಎಸ್3231 ಹಾಕಿದೀನಿ. ಮೊದಲನೇ ಸಲ ಸೆಲ್ ಉಲ್ಟಾ ಹಾಕಿದ್ದೆ, ಮಾವನಿಗೆ ಹೇಳಿಲ್ಲ.